ಒಂಬತ್ತರ ಕಡೆಯ ಗೀರುಗಳು

ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಅಮ್ಮ ಅವರ ವಾಚನ್ನು ನನ್ನ ಕೈಗಿಟ್ಟರು. ಹಳೇ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದರು. ಬೆಲ್ಟು ಒಣಗಿ ಎರಡು ತುಂಡಾಗಿತ್ತು. ಗಾಜು ಹಳದಿಗೆ ತಿರುಗಿತ್ತು. "ನಿಂಗೆ ಇಂಥದ್ರಲ್ಲಿ ಆಸೆ ಜಾಸ್ತಿ, ನೀನೇ ಇಟ್ಕೋ" ಅಂದರು ಅಷ್ಟೆ. ಡಯಲ್ ಮೇಲೆ ಲಾಂಜಿನ್ಸ್ ಎಂಬ ಹೆಸರು, ಅದರ ಕೆಳಗೆ ರೆಕ್ಕೆ ಇರುವ ಮರಳು ಗಡಿಯಾರದ ಗುರುತು. ಆರು ಗಂಟೆಯ ಜಾಗದಲ್ಲಿ ಸೆಕೆಂಡಿಗೆಂದೇ ಪುಟ್ಟ ಬಳೆಯಂಥ ಸುತ್ತು.

ಯಾರಾದರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಕೀ ಕೊಟ್ಟೆ. ನಾಲ್ಕು ಸುತ್ತಿಗೆ ಅದು ಓಡತೊಡಗಿತು. ಕಿವಿಗೆ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಹಾಗೆ ಓಡಿಸಬಾರದಿತ್ತು ಎಂದು ಆಮೇಲೆ ತಿಳಿಯಿತು. ಆ ಕಾಲದ ವಾಚುಗಳು ಸಾಮಾನ್ಯವಾಗಿ ಗಂಟೆಗೆ 18,000 ಸಲ ಬಡಿಯುತ್ತವೆ. ಅಂದರೆ ಸೆಕೆಂಡಿಗೆ ಐದು ಸಲ, ದಿನಕ್ಕೆ 4,32,000 ಸಲ. ಒಳಗಿನ ಚಕ್ರಗಳ ತುದಿಗಳು ಕೂದಲೆಳೆಯಷ್ಟು ಸಣ್ಣ. ಅವು ಕೆಂಪು ಕಲ್ಲುಗಳ ತೂತಿನಲ್ಲಿ, ಒಂದು ಚುಕ್ಕೆ ಎಣ್ಣೆಯ ಮೇಲೆ ತಿರುಗುತ್ತವೆ. ವರ್ಷಗಟ್ಟಲೆ ಡ್ರಾಯರಿನಲ್ಲಿ ಮಲಗಿದ ವಾಚಿನಲ್ಲಿ ಆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅದಕ್ಕೆ ಧೂಳು ಸೇರಿದರೆ ಸಾಣೆ ಹಿಡಿಯುವ ಪುಡಿಯೇ ಸರಿ. ಓಡಿದಷ್ಟೂ ಉಕ್ಕು ಸವೆಯುತ್ತದೆ. "ಓಡ್ತಾ ಇದೆಯಲ್ಲ, ಚೆನ್ನಾಗೇ ಇದೆ" ಎಂದು ಹಳೇ ವಾಚನ್ನು ದಿನಾ ಕಟ್ಟಿಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸದ್ಯಕ್ಕೆ ನಿಲ್ಲಿಸಿ. ತೆರೆದು ನೋಡಿಸುವ ತನಕ ಸುಮ್ನೆ ಇಡಿ.

ನನ್ನ ತಲೆಯಲ್ಲಿ ಆಗ ಎರಡು ಪ್ರಶ್ನೆಗಳಿದ್ದವು. ಇದು ಅಸಲಿಯಾ? ಅಸಲಿಯಾದರೆ ಇದನ್ನು ಹೊಸದರ ಹಾಗೆ ಮಾಡಿಸಬೇಕಾ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ತಾನಾಗಿಯೇ ಬಗೆಹರಿಯುತ್ತದೆ ಅಂದುಕೊಂಡಿದ್ದೆ.

ಹಳೇ ಯಾಂತ್ರಿಕ ವಾಚುಗಳನ್ನೇ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಅವಸರ ಮಾಡಲಿಲ್ಲ. ಮೊದಲು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಬಗ್ಗಿದರು. ಒಳಗಿನ ಯಂತ್ರ ಕಂಡಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಹೊರಗೆ ಅಷ್ಟು ಸೋತಿದ್ದ ವಾಚಿನ ಒಳಗೆ ಎಲ್ಲ ಥಳಥಳ. ಅದರ ಮೇಲೂ ಅದೇ ರೆಕ್ಕೆಯ ಗುರುತು, ಹದಿನೇಳು ಜ್ಯೂವೆಲ್ (ಅಂದರೆ ಆ ಕೆಂಪು ಕಲ್ಲುಗಳು) ಎಂಬ ಬರಹ, 12.68 ಝಡ್ ಎಂಬ ಮಾದರಿ ಹೆಸರು, ಮತ್ತೆ ಒಂದು ಉದ್ದನೆಯ ಸಂಖ್ಯೆ.

ಆ ಸಂಖ್ಯೆಯೇ ಮುಖ್ಯ. ಲಾಂಜಿನ್ಸ್ ಕಂಪನಿ ಶುರುವಾದದ್ದು 1832ರಲ್ಲಿ, ಸ್ವಿಟ್ಜರ್ಲೆಂಡಿನ ಸೇಂಟ್ ಇಮಿಯೆ ಎಂಬ ಊರಿನಲ್ಲಿ. 1867ರಲ್ಲಿ ಅಲ್ಲೇ ಕಾರ್ಖಾನೆ ಕಟ್ಟಿದರು. ಆಗಿನಿಂದ ತಯಾರಾದ ವಾಚುಗಳ ವಿವರವನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಕೈಯಲ್ಲಿ ಬರೆದಿಟ್ಟಿದ್ದಾರೆ. ಸಂಖ್ಯೆಯನ್ನೂ ಫೋಟೋಗಳನ್ನೂ ಕಳಿಸಿದರೆ ಆ ಪುಸ್ತಕ ನೋಡಿ ಹೇಳುತ್ತಾರೆ. ಎಲ್ಲ ಕಂಪನಿಗಳಲ್ಲೂ ಈ ಭಾಗ್ಯ ಇಲ್ಲ. ಎಷ್ಟೋ ಹೆಸರುಗಳು ಮುಚ್ಚಿಹೋದವು, ಕೈ ಬದಲಾದವು, ಕಾಗದಗಳು ಕಸಕ್ಕೆ ಹೋದವು.

ನಾನೂ ಬರೆದೆ. ಉತ್ತರ ಬಂತು. ಸ್ಟೀಲಿನ ಕೈಗಡಿಯಾರ, ಇಂಥ ಯಂತ್ರ, ಇಂಥ ಆರ್ಡರ್ ಸಂಖ್ಯೆ, 1951ರಲ್ಲಿ ಕಾರ್ಖಾನೆಯಿಂದ ಹೊರಟಿದೆ. ಆ ಆರ್ಡರ್ ಸಂಖ್ಯೆ ನಮ್ಮ ವಾಚಿನ ಹಿಂಬದಿ ಮುಚ್ಚಳದ ಒಳಗೆ ಕೆತ್ತಿತ್ತು. ಎರಡೂ ಒಂದೇ. ಅಂದರೆ ಈ ಯಂತ್ರ ಹುಟ್ಟಿದ್ದು ಈ ಕೇಸಿನ, ಅಂದರೆ ಹೊರಗಿನ ಲೋಹದ ಕವಚದ, ಜೊತೆಗೇ. ಯಂತ್ರ ಒಂದರದ್ದು, ಕೇಸು ಇನ್ನೊಂದರದ್ದು, ಮುಳ್ಳು ಮತ್ತೊಂದರದ್ದು ಎಂಬಂತೆ ಮೂರು ನಾಲ್ಕು ವಾಚುಗಳ ಬಿಡಿಭಾಗ ಜೋಡಿಸಿ ಒಂದು ಮಾಡಿ ಮಾರುವುದು ಬಹಳ. ಪ್ರತಿಯೊಂದು ಭಾಗವೂ ಅಸಲಿಯೇ ಇರುತ್ತದೆ, ಒಟ್ಟು ವಾಚು ಮಾತ್ರ ಯಾವ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ. ನಮ್ಮದು ಹಾಗಲ್ಲ ಎಂದು ಗೊತ್ತಾದಾಗ ಎದೆ ಹಗುರವಾಯಿತು.

ಆದರೆ ಆ ಪತ್ರದಲ್ಲಿ ಡಯಲ್ ಬಗ್ಗೆ ಒಂದಕ್ಷರವೂ ಇರಲಿಲ್ಲ.

ರಿಪೇರಿಯವರಿಗೆ ಮೊದಲ ದಿನವೇ ಡಯಲ್ ಮೇಲೆ ಅನುಮಾನ ಬಂದಿತ್ತು. "ಇದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ ನೋಡಿ" ಎಂದು ಲೆನ್ಸನ್ನು ನನ್ನ ಕೈಗೆ ಕೊಟ್ಟರು. ನನಗೆ ಮೊದಲು ಏನೂ ಕಾಣಲಿಲ್ಲ. ಚೆಂದದ ಕೆನೆಬಣ್ಣದ ಡಯಲ್, ಅಷ್ಟೆ. ಅವರು ಒಂದೊಂದೇ ತೋರಿಸಿದರು. ರೆಕ್ಕೆಯ ಗುರುತಿನಲ್ಲಿ ಗರಿಗಳ ಗೆರೆ ಬೇರೆ ಬೇರೆಯಾಗಿ ಎದ್ದು ಕಾಣಬೇಕು. ಇಲ್ಲಿ ಗೆರೆಗಳು ದಪ್ಪವಾಗಿ ಒಂದಕ್ಕೊಂದು ಅಂಟಿವೆ. ಸೆಕೆಂಡಿನ ಪುಟ್ಟ ಸುತ್ತಿನೊಳಗೆ ಗ್ರಾಮಫೋನ್ ತಟ್ಟೆಯಂಥ ಸಣ್ಣ ಗೀರುಗಳಿರಬೇಕು. ಬಣ್ಣ ತುಂಬಿಕೊಂಡು ಅವು ಅರ್ಧ ಮುಚ್ಚಿಹೋಗಿವೆ. ನಿಮಿಷದ ಗೆರೆಗಳು ಗಂಟೆಯ ಗುರುತಿನ ನೇರಕ್ಕೆ ಬರಬೇಕು. ಏಳು, ಎಂಟರ ಹತ್ತಿರ ಕೂದಲಷ್ಟು ಆಚೆ ಸರಿದಿವೆ. ಎಲ್ಲಕ್ಕಿಂತ ಖಚಿತ ಸಾಕ್ಷಿ ಡಯಲಿನ ಅಂಚಿನಲ್ಲಿ. ಕೇಸಿನೊಳಗೆ ಅಡಗಿದ್ದ ಜಾಗದಲ್ಲಿ ಅರದಿಂದ ಉಜ್ಜಿದಂಥ ಪುಟ್ಟ ಕಚ್ಚು. ಹಳೇ ಬಣ್ಣ ತೆಗೆದು ಹೊಸದಾಗಿ ಅಚ್ಚು ಹಾಕುವವರು, ಡಯಲ್ ಅಲ್ಲಾಡದೆ ಸರಿಯಾದ ದಿಕ್ಕಿಗೆ ಕೂರಲಿ ಎಂದು ಇಂಥ ಕಚ್ಚು ಮಾಡುತ್ತಿದ್ದರಂತೆ.

ಇನ್ನೊಂದನ್ನು ನಾನೇ ಕಂಡುಹಿಡಿದೆ ಎಂದು ಹೇಳಿಕೊಳ್ಳಲು ಖುಷಿಯಾಗುತ್ತದೆ. ಮುಳ್ಳುಗಳ ನಡುವೆ ಕತ್ತಲಲ್ಲಿ ಹೊಳೆಯುವ ಬಣ್ಣ ತುಂಬಿತ್ತು. ಅದು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಡಯಲಿನ ಸುತ್ತ ಇದ್ದ ಚುಕ್ಕೆಗಳು ಮಾತ್ರ ತಿಳಿ ಹಸಿರು. ಒಂದೇ ದಿನ, ಒಂದೇ ಡಬ್ಬಿಯಿಂದ ಹಚ್ಚಿದ ಬಣ್ಣ ಹೀಗೆ ಎರಡು ರೀತಿ ಮುದಿಯಾಗುವುದಿಲ್ಲ ಅಲ್ವಾ? ನೇರಳೆ ಬೆಳಕಿನ ಟಾರ್ಚ್ ಹಾಕಿ ಆರಿಸಿದೆವು. ಚುಕ್ಕೆಗಳು ಒಂದೆರಡು ಕ್ಷಣ ಮಿಣುಕಿ ಆರಿದವು. ಮುಳ್ಳುಗಳು ಟಾರ್ಚಿನ ಜೊತೆಗೇ ಕತ್ತಲಾದವು.

ಆ ಮುಳ್ಳುಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. 1950ರ ಹೊತ್ತಿನ ವಾಚಿನಲ್ಲಿ ಹೊಳೆಯುವ ಬಣ್ಣ ಇದ್ದರೆ ಅದು ವಿಕಿರಣ ಸೂಸುವ ರೇಡಿಯಂ ಎಂದೇ ತಿಳಿಯಬೇಕು. ರೇಡಿಯಂ ಜೊತೆ ಬೆರೆಸಿದ, ಅದರ ವಿಕಿರಣಕ್ಕೆ ಹೊಳೆಯುವ ಜಿಂಕ್ ಸಲ್ಫೈಡ್ ಪುಡಿ ಕೆಲವು ದಶಕಗಳಲ್ಲಿ ಸುಸ್ತಾಗಿ ಹೊಳೆಯುವುದನ್ನು ನಿಲ್ಲಿಸುತ್ತದೆ. ರೇಡಿಯಂ ಮಾತ್ರ ಸುಸ್ತಾಗುವುದಿಲ್ಲ. ಅದರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಹೊಳೆಯುತ್ತಿಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ಕೇಸು ಮುಚ್ಚಿದ್ದಾಗ ಭಯ ಕಡಿಮೆ. ತೆರೆದು, ಆ ಬಣ್ಣ ಕೆರೆದು, ಪುಡಿ ಮೂಗಿಗೋ ಬಾಯಿಗೋ ಹೋದರೆ ಕೆಟ್ಟದ್ದು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ನೂರು ವರ್ಷಗಳ ಹಿಂದೆ ಡಯಲಿಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಳ್ಳುತ್ತಿದ್ದರು. ಹಾಗೆ ಮಾಡಿ ಎಂದು ಕಲಿಸಿದವರು ಕೆಲಸ ಕೊಟ್ಟವರೇ. ದವಡೆ ಕೊಳೆತು, ಮೂಳೆ ಮುರಿದು ಹಲವರು ಸತ್ತರು. ಐದು ಜನ ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ, 1928ರಲ್ಲಿ ರಾಜಿಯಾಗಿ ಪರಿಹಾರ ಪಡೆದರು. ಅಜ್ಜನ ವಾಚಿನ ಮುಳ್ಳಿನಲ್ಲಿರುವ ಕಂದು ಗೆರೆ ನೋಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಮುಟ್ಟದೆ ಬಿಡಲು ಅದೊಂದೇ ಕಾರಣ ಸಾಕಿತ್ತು. ಮನೆಯಲ್ಲಿ ನೀವೇ ವಾಚು ಬಿಚ್ಚುವ ಆಸೆ ಇದ್ದರೆ, ಇಂಥ ಬಣ್ಣ ಕಂಡ ಕೂಡಲೇ ಆ ಆಸೆ ಬಿಡಿ. ರಿಪೇರಿಗೆ ಕೊಡುವಾಗಲೂ ರೇಡಿಯಂ ಇರಬಹುದು ಎಂದು ಮೊದಲೇ ಹೇಳಿ.

ಡಯಲ್ ಅಸಲಿ ಅಲ್ಲ ಎಂದು ತಿಳಿದ ಮೇಲೆ ಕೆಲವು ದಿನ ನನಗೆ ಬೇಸರವೇ ಆಗಿತ್ತು. ಹಳೇ ವಾಚು ಕೂಡಿಡುವವರ ಲೆಕ್ಕದಲ್ಲಿ ಡಯಲ್ಲೇ ವಾಚಿನ ಮುಖ. ಬಣ್ಣ ಮಾಸಿದ, ಕಲೆ ಬಿದ್ದ ಮೂಲ ಡಯಲಿಗೆ ಬೆಲೆ ಹೆಚ್ಚು. ಮತ್ತೆ ಬಣ್ಣ ಹೊಡೆದದ್ದಕ್ಕೆ ಅಷ್ಟು ಬೆಲೆ ಇಲ್ಲ. ಅದೇ ಮಾದರಿಯ ಮೂಲ ಡಯಲ್ ಎಲ್ಲಾದರೂ ಸಿಗುತ್ತಾ ಎಂದು ರಾತ್ರಿಯೆಲ್ಲ ಹುಡುಕುತ್ತಾ ಕೂರುತ್ತಿದ್ದೆ. ಒಂದು ಸಿಕ್ಕಿಯೂ ಇತ್ತು.

ಅಷ್ಟರಲ್ಲಿ ರಿಪೇರಿಯವರು ಹಿಂಬದಿ ಮುಚ್ಚಳದ ಒಳಭಾಗವನ್ನು ಓರೆ ಬೆಳಕಿನಲ್ಲಿ ತೋರಿಸಿದರು. ಕಂಪನಿ ಕೆತ್ತಿದ ಸಂಖ್ಯೆಗಳ ಸುತ್ತ ಸೂಜಿಯಿಂದ ಗೀಚಿದ ಬರಹಗಳು. ಹಳೇ ಕಾಲದ ರಿಪೇರಿಯವರು ವಾಚು ತೆರೆದಾಗಲೆಲ್ಲ ತಮ್ಮ ಗುರುತು, ಕೆಲಸದ ನಂಬರು, ಕೆಲವೊಮ್ಮೆ ತಾರೀಖು ಹೀಗೆ ಗೀಚಿಡುತ್ತಿದ್ದರು. ಅದೇ ವಾಚು ಮತ್ತೆ ಬಂದರೆ ಹಿಂದೆ ಯಾವಾಗ ಮಾಡಿದ್ದು ಎಂದು ಗೊತ್ತಾಗಲಿ ಎಂದು. ನಮ್ಮದರಲ್ಲಿ ಐದು ಗುರುತುಗಳಿದ್ದವು. ಕೈಬರಹ ಮೂರು ರೀತಿ. ಎರಡರಲ್ಲಿ ಮಾತ್ರ ವರ್ಷ ಓದಲು ಬಂತು, 1962 ಮತ್ತು 1974. ಡಯಲನ್ನು ಮಗುಚಿದಾಗ ಅದರ ಬೆನ್ನ ಮೇಲೂ ಒಂದು ನಂಬರು ಗೀಚಿತ್ತು. 1974ರ ಪಕ್ಕದಲ್ಲಿದ್ದದ್ದೂ ಅದೇ ನಂಬರು.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. 1974ರಲ್ಲಿ ಅವರಿಗೆ ಎಂಟು ವರ್ಷ.

"ಒಂದ್ಸಲ ಮಳೇಲಿ ಪೂರ್ತಿ ನೆಂದು ಬಂದಿದ್ರು ಅಪ್ಪ. ವಾಚೊಳಗೆ ನೀರು ಹೋಗಿ ಗಾಜೆಲ್ಲ ಮಂಜು ಕಟ್ಟಿತ್ತು. ಆಮೇಲೆ ಬಹಳ ದಿನ ಬರಿಗೈಲೇ ಇದ್ರು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಪಸ್ ಬಂದ್ಮೇಲೆ ಅದು ಕತ್ತಲಲ್ಲಿ ಹೊಳೀತಿತ್ತು ಗೊತ್ತಾ? ನಾನು ಹೊದಿಕೆಯೊಳಗೆ ಇಟ್ಕೊಂಡು ನೋಡ್ತಿದ್ದೆ" ಎಂದರು.

"ಮುಳ್ಳೂ ಹೊಳೀತಿತ್ತಾ ಅಮ್ಮ?"

"ಇಲ್ಲ. ಬರೀ ಚುಕ್ಕೆ. ಯಾವ ಚುಕ್ಕೆ ಕಾಣಲ್ವೋ ಅಲ್ಲಿ ದೊಡ್ಡ ಮುಳ್ಳಿದೆ ಅಂತ ಲೆಕ್ಕ. ಅಪ್ಪನೇ ಹೇಳಿಕೊಟ್ಟಿದ್ದು."

ಫೋನ್ ಹಿಡಿದುಕೊಂಡೇ ನಾನು ವಾಚಿನ ಕಡೆ ನೋಡಿದೆ. ಟಾರ್ಚ್ ಹಾಕಿ ನಾವು ಕಂಡುಕೊಂಡದ್ದನ್ನು ಅಮ್ಮ ಎಂಟು ವರ್ಷದವರಿದ್ದಾಗಲೇ ಕಂಡಿದ್ದರು. ನಾನು ಬದಲಾಯಿಸಬೇಕು ಎಂದುಕೊಂಡಿದ್ದ ಡಯಲ್ಲೇ ಅವರಿಗೆ ಗೊತ್ತಿದ್ದ ಡಯಲ್. ಕಾರ್ಖಾನೆಯಿಂದ ಬಂದ ಮುಖ ಅವರಿಗೆ ನೆನಪೇ ಇಲ್ಲ. ಇನ್ಯಾರದೋ ವಾಚಿನಿಂದ ಬಿಚ್ಚಿದ ಮೂಲ ಡಯಲ್ ತಂದು ಕೂರಿಸಿದ್ದರೆ, ಪುಸ್ತಕದ ಪ್ರಕಾರ ವಾಚು ಸರಿಹೋಗುತ್ತಿತ್ತು. ಅಮ್ಮನ ಕೈಗೆ ಕೊಟ್ಟಾಗ ಅವರು ಅದನ್ನು ಗುರುತು ಹಿಡಿಯುತ್ತಿರಲಿಲ್ಲ. ಆ ರಾತ್ರಿ ಹುಡುಕಾಟ ನಿಲ್ಲಿಸಿದೆ.

ಆ ಕಾಲದಲ್ಲಿ ಡಯಲಿಗೆ ಬಣ್ಣ ಹೊಡೆಸುವುದು ತಪ್ಪೂ ಆಗಿರಲಿಲ್ಲ, ಮೋಸವೂ ಆಗಿರಲಿಲ್ಲ. ವಾಚು ದಿನಬಳಕೆಯ ಸಾಮಾನು. ನೀರು ಹೋಗಿ ಕಲೆಯಾದರೆ ಹೊಸದಾಗಿ ಮಾಡಿಸಿಕೊಳ್ಳುವುದು ಮರ್ಯಾದೆಯ ಕೆಲಸ. ಬಣ್ಣ ಹೊಡೆದ ಡಯಲನ್ನು ಮೂಲದ್ದು ಎಂದು ಹೇಳಿ ಮಾರಿದರೆ ಮೋಸ. ಅದಕ್ಕೇ ಈ ವಾಚಿನ ಬಗ್ಗೆ ಏನೇನು ಗೊತ್ತಾಯಿತೋ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಯಾರ ಕೈಗೆ ಹೋದರೂ ಆ ಹಾಳೆ ಜೊತೆಗೇ ಹೋಗಬೇಕು.

ಎಲ್ಲ ಡಯಲನ್ನೂ ಹೀಗೇ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿದ್ದರೆ ಆ ಚೂರುಗಳು ಯಂತ್ರದೊಳಗೆ ಬೀಳುತ್ತವೆ. ಮುಳ್ಳಿಗೆ ತುಕ್ಕು ಹಿಡಿದಿದ್ದರೂ ಅಷ್ಟೆ. ಅಲ್ಲಿ ಏನಾದರೂ ಮಾಡಲೇಬೇಕು. ನಮ್ಮದರಲ್ಲಿ ಬಣ್ಣ ಗಟ್ಟಿಯಾಗಿತ್ತು.

ಕೇಸಿನ ವಿಷಯಕ್ಕೆ ಬಂದಾಗ ರಿಪೇರಿಯವರು, "ಪಾಲಿಶ್ ಮಾಡಿಸ್ತೀರಾ?" ಎಂದು ಕೇಳಿದರು. ಕೇಳಿದ ದನಿಯಲ್ಲೇ ಬೇಡ ಅನ್ನಲಿ ಎಂಬ ಆಸೆ ಇತ್ತು. ಸ್ಟೀಲನ್ನು ಪಾಲಿಶ್ ಮಾಡುವುದು ಎಂದರೆ ಗೀರಿನ ಆಳಕ್ಕೆ ಇಳಿಯುವ ತನಕ ಸುತ್ತಲಿನ ಲೋಹವನ್ನು ಉಜ್ಜಿ ತೆಗೆಯುವುದು. ತೆಗೆದ ಲೋಹ ವಾಪಸ್ ಬರುವುದಿಲ್ಲ. ಬೆಲ್ಟ್ ಸಿಕ್ಕಿಸುವ ಕೊಂಬುಗಳ ಚೂಪು ಅಂಚು ಮೊದಲು ಹೋಗುತ್ತದೆ. ನಾಲ್ಕೈದು ಸಲ ಪಾಲಿಶ್ ಕಂಡ ಕೇಸು ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ಉರುಟಾಗುತ್ತದೆ. ನಮ್ಮದರ ಅಂಚುಗಳು ಇನ್ನೂ ಬೆರಳಿಗೆ ತಾಗುವಷ್ಟು ಚೂಪಾಗಿವೆ. ಬೇಡ ಎಂದೆ.

ಆಗ ಅವರು ಕೇಸನ್ನು ನನ್ನ ಮುಂದೆ ತಿರುಗಿಸಿ ಹಿಡಿದರು. "ಗೀರೆಲ್ಲ ಒಂಬತ್ತರ ಕಡೆ ಇದೆ ನೋಡಿ. ಮೂರರ ಕಡೆ ಹೆಚ್ಚೇನೂ ಇಲ್ಲ. ಇದನ್ನ ಬಲಗೈಗೆ ಕಟ್ತಿದ್ರು."

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಎಡಗೈಗೆ ಕಟ್ಟಿದರೆ ಮೂರು ಗಂಟೆಯ ಕಡೆ, ಅಂದರೆ ಕೀ ಕೊಡುವ ಗುಂಡಿಯ ಕಡೆ, ಬೆರಳುಗಳತ್ತ ಇರುತ್ತದೆ. ಬಲಗೈಗೆ ಕಟ್ಟಿದರೆ ಒಂಬತ್ತರ ಕಡೆ ಬೆರಳಿನತ್ತ. ಜೇಬಿಗೆ ಕೈ ಹಾಕುವಾಗ, ಬಾಗಿಲು ತಳ್ಳುವಾಗ, ಮೇಜಿನ ಡ್ರಾಯರಿನೊಳಗೆ ತಡಕುವಾಗ ಮೊದಲು ತಾಗುವುದು ಆ ಅಂಚು. ಅಜ್ಜ ಎಡಚರು. ಬರೆಯುತ್ತಿದ್ದದ್ದು ಎಡಗೈಯಲ್ಲಿ, ವಾಚು ಕಟ್ಟುತ್ತಿದ್ದದ್ದು ಬಲಗೈಗೆ. ಈ ವಿಷಯ ನಾನು ರಿಪೇರಿಯವರಿಗೆ ಹೇಳಿರಲಿಲ್ಲ. ನನಗೇ ಮರೆತುಹೋಗಿತ್ತು.

ಕಾರ್ಖಾನೆಯ ಪುಸ್ತಕದಲ್ಲಿ ಇದು ಯಾವ ವರ್ಷದ ವಾಚು ಎಂದಿತ್ತು. ಯಾರ ವಾಚು ಎಂದು ಹೇಳಿದ್ದು ಆ ಗೀರುಗಳು. ಹೊಳಪು ಬರಲಿ ಎಂದು ಹತ್ತು ನಿಮಿಷ ಪಾಲಿಶ್ ಯಂತ್ರದ ಚಕ್ರಕ್ಕೆ ಹಿಡಿದಿದ್ದರೆ ಅಷ್ಟೂ ಹೋಗುತ್ತಿತ್ತು. ಈಗಲೂ ಅದನ್ನು ನೆನೆದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಕೊನೆಗೆ ಏನೇನು ಮಾಡಿಸಿದೆ ಎಂದರೆ, ಒಳಗೆ ಎಲ್ಲವನ್ನೂ. ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ ಜೋಡಿಸಿದರು. ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗ್ ಬದಲಾಯಿಸಿದರು. ಹಳೇದು ನೀಲಿ ಉಕ್ಕಿನದು, ಸುರುಳಿಯ ಸತ್ವ ಕಳೆದುಕೊಂಡು ಸಪ್ಪಗಾಗಿತ್ತು. ಅಂಥ ಉಕ್ಕು ಯಾವಾಗ ಬೇಕಾದರೂ ಮುರಿಯಬಹುದು, ಮುರಿದರೆ ಪಕ್ಕದ ಹಲ್ಲುಗಳನ್ನೂ ಹಾಳು ಮಾಡಬಹುದು. ಯಂತ್ರದ ಭಾಗ ಬದಲಾಯಿಸಲು ನನಗೆ ಸಂಕೋಚ ಆಗಲಿಲ್ಲ. ಅದನ್ನು ಮಾಡಿದವರೇ ಸವೆಯುತ್ತದೆ, ಬದಲಾಯಿಸಬೇಕು ಎಂದು ತಿಳಿದು ಮಾಡಿದ್ದು. ವಾಚಿನ ಬಡಿತದ ವೇಗ ಹಿಡಿದಿಡುವ ಸಣ್ಣ ಸುರುಳಿ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಸೋಂಕು ತಗಲಿತ್ತು. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡುತ್ತಿತ್ತು. ಆ ಸೋಂಕು ತೆಗೆಯುವ ಯಂತ್ರದ ಮೇಲೆ ಇಟ್ಟರೆ ಕ್ಷಣದಲ್ಲಿ ಸರಿ.

ಗಾಜು ಪ್ಲಾಸ್ಟಿಕ್ಕಿನದು. ಬಿರುಕು ಬಿಟ್ಟಿತ್ತು, ಅದರಿಂದ ಧೂಳು ಹೋಗುತ್ತಿತ್ತು, ಹೊಸದು ಹಾಕಿಸಿದೆ. ಕೀ ಕೊಡುವ ಗುಂಡಿ ಯಾವಾಗಲೋ ಯಾರೋ ಹಾಕಿದ್ದು, ರೆಕ್ಕೆಯ ಗುರುತಿಲ್ಲದ್ದು. ಅದರ ಹಲ್ಲು ಸವೆದು ಬೆರಳು ಜಾರುತ್ತಿತ್ತು. ಅದನ್ನೂ ಬದಲಾಯಿಸಿದೆವು. ಡಯಲ್, ಮುಳ್ಳು, ಕೇಸು ಮೂರನ್ನೂ ಮುಟ್ಟಲಿಲ್ಲ. ಗಾಜು, ಗುಂಡಿ, ಸ್ಪ್ರಿಂಗ್ ಇವುಗಳನ್ನು ಮತ್ತೆ ತೆಗೆದು ಹಳೇದನ್ನೇ ಹಾಕಬಹುದು. ಉಜ್ಜಿದ ಅಂಚನ್ನು, ಕೆರೆದ ಬಣ್ಣವನ್ನು ಯಾರಿಂದಲೂ ಹಿಂದಕ್ಕೆ ತರಲು ಆಗುವುದಿಲ್ಲ. ಇದೊಂದನ್ನೇ ಮುಂದಿಟ್ಟುಕೊಂಡು ಪ್ರತಿಯೊಂದನ್ನೂ ತೀರ್ಮಾನ ಮಾಡಿದೆವು. ಬಿಚ್ಚಿದ ಹಳೇ ಭಾಗಗಳನ್ನೆಲ್ಲ ವಾಪಸ್ ಕೊಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ನೀವೂ ಕೇಳಿ. ಕೆಲಸ ಮುಗಿದ ಮೇಲೆ ಕೇಳಿದರೆ ಅವು ಇರುವುದಿಲ್ಲ.

ತಿಂಗಳಾದ ಮೇಲೆ ವಾಚು ಬಂತು. ಬಡಿತ ಅಳೆಯುವ ಯಂತ್ರದ ಮೇಲಿಟ್ಟು ತೋರಿಸಿದರು. ಹಿಂದೆ ಮುಂದೆ ತೂಗಿ ಬಡಿತ ಕೊಡುವ ಬ್ಯಾಲೆನ್ಸ್ ಚಕ್ರ ಮೊದಲು 190 ಡಿಗ್ರಿಯಷ್ಟು ಮಾತ್ರ ತೂಗುತ್ತಿತ್ತು, ಈಗ 275. ನೀರಿನ ಹತ್ತಿರ ಕೊಂಡೊಯ್ಯಬೇಡಿ ಎಂದು ಎರಡು ಸಲ ಹೇಳಿದರು. ಮುಚ್ಚಳದೊಳಗೆ ಅವರೂ ಗುರುತು ಗೀಚುತ್ತಾರಾ ಎಂದು ಕೇಳಿದೆ. "ಈಗ ಹಾಗೆ ಗೀಚಲ್ಲ, ಗೀಚಬಾರದು" ಎಂದು ಒಂದು ಚೀಟಿಯಲ್ಲಿ ತಾರೀಖು, ಮಾಡಿದ ಕೆಲಸ, ಸಹಿ ಬರೆದು ಹಳೇ ಭಾಗಗಳ ಪೊಟ್ಟಣದೊಳಗೆ ಇಟ್ಟರು.

ಅಮ್ಮನಿಗೆ ತೋರಿಸಲು ಹೋದಾಗ ಅವರು ಮೊದಲು ಮಾಡಿದ್ದು ಕೋಣೆಯ ದೀಪ ಆರಿಸಿದ್ದು. ಚುಕ್ಕೆಗಳು ಒಂದು ಕ್ಷಣ ಮಂಕಾಗಿ ಕಂಡವು, ಆಮೇಲೆ ಇಲ್ಲ. "ಹೋಯ್ತು" ಎಂದರು, ನಗುತ್ತಲೇ. ಮತ್ತೆ ದೀಪ ಹಾಕಿ, ವಾಚನ್ನು ಕಿವಿಗೆ ಹಿಡಿದುಕೊಂಡು ಕೂತರು.

ನಾನು ಬಲಗೈಯವ. ಕಟ್ಟುವುದು ಎಡಗೈಗೆ. ಕಳೆದ ವಾರ ಬಸ್ಸಿನ ಕಂಬಿಗೆ ತಾಗಿ ಮೂರರ ಕಡೆಯ ಅಂಚಿನಲ್ಲಿ ಒಂದು ಸಣ್ಣ ಗೀರು ಬಿದ್ದಿದೆ.